ಮರೀನ್ ಡ್ರೈವಿನ ಬಾಣಬಿರುಸು

ಧಾರವಾಡದಲ್ಲಿ ಹಾಸಿಗೆ ಹಿಡಿದಿರುವ ಅವ್ವನಿಗೆ ಮುಂಬಯಿಯ ಕಡಲ ಮೇಲಣ ಬಾಣಬಿರುಸು ತೋರಿಸುವೆವೆಂದು ಮಾತು ಕೊಟ್ಟಿದ್ದೆವು. ದೀಪಾವಳಿಯ ಸಂಜೆ ಪುಟ್ಟ ಕ್ಯಾಮೆರಾ, ಅಗ್ಗದ ಮುಕ್ಕಾಲಿಯೊಡನೆ ಗಂಡಹೆಂಡಿರಿಬ್ಬರೂ ಮರೀನ್ ಡ್ರೈವಿನ ಕಟ್ಟೆಯ ಬಳಿ ನಿಂತೆವು. ಮೊದಲ ಹತ್ತು ಚಿತ್ರಗಳೂ ಹಾಳು! ಕಡಲಗಾಳಿಗೆ ಮುಕ್ಕಾಲಿ, ಸಾಹೇಬರೆದುರಿನ ಗುಮಾಸ್ತನಂತೆ ನಡುಗುತ್ತಿತ್ತು. ಊಟದ ಡಬ್ಬಿಯ ಚೀಲವನ್ನೇ ಅದಕ್ಕೆ ತೂಗುಹಾಕಿದೆವು. ಫ್ಲ್ಯಾಶ್ ಆರಿಸಿದೆವು, ಅದು ಬೆಳಗುವುದು ಎದುರಿನ ಹೊಗೆಯನ್ನಷ್ಟೆ. ಐಎಸ್ಓ 100, ಷಟರ್ 3 ಸೆಕೆಂಡು. ಬೆರಳು ತಾಕಿದರೂ ಅಲುಗುವುದರಿಂದ 2 ಸೆಕೆಂಡಿನ ಟೈಮರ್. ಹಾಗಾಗಿ ಬಾಣ ಏರುವ ಮೊದಲೇ ಗುಂಡಿ ಒತ್ತಬೇಕು. ಅರಳಿದ ಮೇಲೆ ಒತ್ತಿದರೆ ಸಿಕ್ಕುವುದು ಕತ್ತಲೆಯೇ. ಕೊನೆಗೊಂದರಲ್ಲಿ ಹೊನ್ನಿನ ಗೆರೆಗಳು, ಕೆಳಗೆ ಬಾಗಿದ ದೀಪಸಾಲು! ಅಚ್ಚುಹಾಕಿಸಿ ಅಂಚೆಗೆ ಹಾಕಿದೆವು.

ಅವ್ವ ಫೋನಿನಲ್ಲಿ ಕೇಳಿದಳು: “ಬಾಣ ಭಾಳ ಛಲೋ ಬಂದಾವ. ಇದರಾಗ ನೀವೆಲ್ಲಿ ಅದೀರಿ?”