ಬೋಟಿನ ಕಕ್ಕಸು ರಿಪೇರಿಗೆ ಹೋದ ನಾವಿಬ್ಬರು

ಕೋರ್ಸ್ ಮುಗಿದು ಕೆಲಸ ಸಿಗದೆ ಊರಲ್ಲಿ ಕೂತಿದ್ದ ಮಳೆಗಾಲದ ನಂತರದ ದಿನಗಳವು. ನಮ್ಮಿಬ್ಬರಲ್ಲಿ ಒಬ್ಬನ ಸೋದರಮಾವ ಗೋವಾದಲ್ಲಿ ಮಾಂಡೋವಿ ಹೊಳೆಯಲ್ಲಿ ನಿಲ್ಲುವ ಒಂದು ಹಾಯಿಬೋಟು ನೋಡಿಕೊಳ್ಳುತ್ತಾರೆ. ಹೊನ್ನಾವರದವರು, ಇಪ್ಪತ್ತು ವರ್ಷ ಮೀನು ಹಿಡಿದವರು. ‘ಸುಮ್ನೆ ಕೂರೋದಕ್ಕಿಂತ ಬನ್ನಿ, ಪೇಂಟ್ ಕೆಲಸ ಇದೆ, ದಿನಕ್ಕಿಷ್ಟು ಅಂತ ಕೊಡಿಸ್ತೆ’ ಅಂದರು. ಹೋದೆವು. ಪೇಂಟ್ ಡಬ್ಬಿ ಮುಟ್ಟುವ ಮೊದಲೇ ಕೈಗೆ ಬಂದದ್ದು ಕಕ್ಕಸು.

ಬೋಟಿನೊಳಗೆ ಬಸ್ಸಿನ ಸೀಟಿನಷ್ಟು ಜಾಗದಲ್ಲಿ ಒಂದು ಪುಟ್ಟ ಕಮೋಡ್. ಮೇಲೆ ನೀರಿನ ಟ್ಯಾಂಕ್ ಇಲ್ಲ, ಕರೆಂಟಿಲ್ಲ. ಪಕ್ಕದಲ್ಲಿ ಒಂದು ಕೈಪಂಪು. ಅದನ್ನು ಮೇಲೆ ಕೆಳಗೆ ಹೊಡೆದರೆ ಸಮುದ್ರದ ನೀರು ಒಳಗೆ ಬರುತ್ತದೆ, ಹೊಲಸು ಹೊರಗೆ ಹೋಗುತ್ತದೆ. ಅಂದು ಬೆಳಿಗ್ಗೆ ನೋಡಿದರೆ ಯಾರೂ ಬಳಸದಿದ್ದರೂ ಕಮೋಡಿನಲ್ಲಿ ಅರ್ಧದವರೆಗೆ ಕಂದು ನೀರು. ಪಂಪಿನ ಹಿಡಿಕೆಯೋ, ಎರಡು ಕೈ ಹಾಕಿದರೂ ಬಿಗಿ. ಶನಿವಾರ ಮಾಲೀಕರ ಮನೆಯವರು ಬರುವವರಿದ್ದರು. ಅಂದು ಬುಧವಾರ. ಹಿಂದಿನ ಸಲ ಇದೇ ವಿಷಯಕ್ಕೆ ಮಾವ ಬೈಸಿಕೊಂಡಿದ್ದರಂತೆ. ಈ ಸಲವೂ ಹಾಗಾದರೆ ಕೆಲಸ ಉಳಿಯುವುದು ಕಷ್ಟ ಅಂತ ಅವರ ಮುಖವೇ ಹೇಳುತ್ತಿತ್ತು.

ಊರಿನ ಬೋರ್‌ವೆಲ್ ಕೈಪಂಪು ಬಿಚ್ಚಿದ್ದನ್ನು ನೋಡಿದ್ದರೆ ಇದು ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕೊಳವೆ, ಒಳಗೆ ಒಂದು ಪಿಸ್ಟನ್, ಪಿಸ್ಟನ್ನಿನ ಸುತ್ತ ರಬ್ಬರ್ ಬಳೆ. ಪಿಸ್ಟನ್ನಿನ ಮೇಲೆ ಶುದ್ಧ ನೀರು, ಕೆಳಗೆ ಹೊಲಸು. ಹಿಡಿಕೆ ಎತ್ತಿದಾಗ ಮೇಲಿನ ನೀರು ಕಮೋಡಿಗೆ ಹೋಗುತ್ತದೆ, ಅದೇ ಹೊತ್ತಿಗೆ ಕಮೋಡಿನದ್ದು ಕೆಳಕ್ಕೆ ಎಳೆದುಕೊಳ್ಳುತ್ತದೆ. ಒತ್ತಿದಾಗ ಆ ಹೊಲಸು ಹೊರಪೈಪಿಗೆ. ಹೊರಪೈಪಿನ ಬಾಯಿಯಲ್ಲಿ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ಇರುತ್ತದೆ, ಅದಕ್ಕೆ ಜೋಕರ್ ವಾಲ್ವ್ ಅನ್ನುತ್ತಾರೆ. ಹೊರಗೆ ಹೋಗುವಾಗ ಕೊಕ್ಕು ತೆರೆಯುತ್ತದೆ, ಹೋದದ್ದು ತಿರುಗಿ ಬರದಂತೆ ಮುಚ್ಚಿಕೊಳ್ಳುತ್ತದೆ. ಹೆಸರು ಜೋಕರ್ ಆದರೂ ಅದು ಕೈಕೊಟ್ಟ ದಿನ ಯಾರಿಗೂ ನಗು ಬರುವುದಿಲ್ಲ.

ಮಾವ ನೇರವಾಗಿ ಸ್ಪ್ಯಾನರ್ ಹಿಡಿಯಲಿಲ್ಲ. ಕಮೋಡ್ ಖಾಲಿ ಮಾಡಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ, ಸಮುದ್ರದ ನೀರು ಒಳಗೆ ಬರುವ ವಾಲ್ವ್ ಬಂದ್ ಮಾಡಿ ಊಟಕ್ಕೆ ಕರೆದರು. ಊಟ ಮುಗಿಸಿ ಬಂದರೆ ನೀರು ಗೆರೆ ದಾಟಿತ್ತು. ‘ಒಳಗೆ ಬರೋ ದಾರಿ ಬಂದ್. ಆದ್ರೂ ಏರಿದೆ, ಅದೂ ಕೊಳಕು ನೀರು. ಹಾಗಾದ್ರೆ ಎಲ್ಲಿಂದ ಬಂತು ತಮ್ಮಾ?’ ಅಂತ ಕೇಳಿದರು. ಹೊರಪೈಪಿನಿಂದ. ಒಂದೂವರೆ ಇಂಚಿನ ಪೈಪು ಒಂದು ಮೀಟರ್ ಇದ್ದರೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಅಷ್ಟೂ ಹಿಂದಕ್ಕೆ ಇಳಿಯುತ್ತಿತ್ತು. ಏರಿದ್ದು ತಿಳಿ ನೀರಾಗಿದ್ದರೆ ಹುಡುಕಬೇಕಾದದ್ದು ಒಳಪೈಪಿನ ಕಡೆ.

ಇನ್ನು ನಮ್ಮ ಪ್ರತಾಪ. ಗುರುವಾರ ಮಾವ ಸಾಮಾನು ತರಲು ಹೋಗಿದ್ದರು. ಅವರು ಬರುವಷ್ಟರಲ್ಲಿ ಮುಗಿಸಿಬಿಡೋಣ ಅಂತ ನಾವೇ ಶುರು ಮಾಡಿದೆವು. ಎರಡು ವಾಲ್ವ್ ಬಂದ್ ಮಾಡಬೇಕು ಅಂತ ಗೊತ್ತಿತ್ತು, ಮಾಡಿದೆವು ಕೂಡ. ಆದರೆ ಒಂದು ಕೈತೊಳೆಯುವ ಬೇಸಿನ್ನಿನದು! ಕ್ಲಿಪ್ ಸಡಿಲಿಸಿ ಒಳಪೈಪು ಎಳೆದದ್ದೇ ತಡ, ಮುಕ್ಕಾಲು ಇಂಚಿನ ತೂತಿನಿಂದ ನೀರು ಎದೆಗೆ ಹೊಡೆಯಿತು. ಆ ತೂತು ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿದೆ. ಆಮೇಲೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 30 ಲೀಟರ್. ಒಬ್ಬ ಅಂಗೈ ಒತ್ತಿಹಿಡಿದ, ಇನ್ನೊಬ್ಬ ಮಾವನಿಗೆ ಫೋನ್ ಮಾಡಿದ. ಅವರು ಬೈಯಲಿಲ್ಲ. ‘ವಾಲ್ವಿನ ಪಕ್ಕ ದಾರದಲ್ಲಿ ಮರದ ಬೆಣೆ ಕಟ್ಟಿದೆ, ನೋಡು. ತೂತಿಗೆ ಇಟ್ಟು ಬಡಿ’ ಅಂದರು. ಬಡಿದೆವು. ನಿಂತಿತು. ಅಲ್ಲಿಯವರೆಗೆ ಆ ಬೆಣೆಯನ್ನು ಬಾಗಿಲು ಹಾರದಂತೆ ಇಡುವ ಮರದ ತುಂಡು ಅಂದುಕೊಂಡಿದ್ದೆವು. ವಾಲ್ವಿನ ಹಿಡಿಕೆ ಪೈಪಿಗೆ ಅಡ್ಡ ಇದ್ದರೆ ಬಂದ್, ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ. ಮನೆಯ ಪೈಪ್‌ಲೈನಿನಲ್ಲೂ ಅಷ್ಟೇ.

ಮಾವ ಬಂದ ಮೇಲೆ ಪಂಪು ಬಿಚ್ಚಿದೆವು. ಜೋಕರ್ ವಾಲ್ವ್ ಕಲ್ಲಿನಂತಾಗಿತ್ತು, ಕೊಕ್ಕು ಅರೆ ತೆರೆದೇ ನಿಂತಿತ್ತು. ಮೂತ್ರವೂ ಸಮುದ್ರದ ನೀರೂ ಸೇರಿದರೆ ಸುಣ್ಣದಂಥ ಪದರ ಕಟ್ಟುತ್ತದೆ, ಗಡಸು ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವಂತೆ. ಹೊರಪೈಪಿನೊಳಗೂ ಅದೇ ಕಟ್ಟಿ, ದಾರಿ ಬೆರಳಿನಷ್ಟಾಗಿತ್ತು. ಹಿಡಿಕೆ ಬಿಗಿಯಾದದ್ದಕ್ಕೆ ಮುಖ್ಯ ಕಾರಣ ಅದು, ಪಿಸ್ಟನ್ನಿನ ರಬ್ಬರ್ ಒಣಗಿದ್ದೂ ಸೇರಿತ್ತು. ಪೈಪನ್ನು ದಂಡೆಗೆ ಹೊತ್ತೊಯ್ದು, ಕಾಂಕ್ರೀಟಿನ ಮೇಲೆ ಬಟ್ಟೆ ಒಗೆದ ಹಾಗೆ ಬಡಿದೆವು. ಬಿಳಿ ಚಕ್ಕೆಗಳು ಉದುರಿದವು. ವಾಸನೆ ಬಗ್ಗೆ ಬರೆಯುವುದಿಲ್ಲ. ಒಬ್ಬನಂತೂ ಎರಡು ಸಲ ಎದ್ದು ಹೋದ. ಡಿಗ್ರಿ ಮಾಡಿ ಇದಾ ಅಂತ ಅನಿಸಿದ್ದು ಸುಳ್ಳಲ್ಲ. ನಾವು ಮೂಗು ಮುಚ್ಚಿಕೊಂಡಿದ್ದಾಗ ಮಾವ ಬರಿಗೈಯಲ್ಲಿ ಬಡಿಯುತ್ತಿದ್ದರು. ಅದು ಕಂಡ ಮೇಲೆ ನಾವೂ ಮಾತಿಲ್ಲದೆ ಕೂತೆವು.

ಹೊಸ ರಬ್ಬರುಗಳು ಹಾಕಿದೆವು, ಕೊಕ್ಕು ಹೊರಗಿನ ಕಡೆಗೆ ಮುಖ ಮಾಡಿ. ಪಿಸ್ಟನ್ನಿಗೆ ಸಿಲಿಕಾನ್ ಗ್ರೀಸ್. ಕಮೋಡಿನಲ್ಲಿ ರಾತ್ರಿಯಿಡೀ ವಿನೆಗರ್ ಬಿಟ್ಟೆವು. ಬಾತ್‌ರೂಮಿನ ಆ್ಯಸಿಡ್ ಸುರಿಯೋಣವಾ ಅಂದದ್ದಕ್ಕೆ ಮಾವ ಬೇಡ ಅಂದರು, ಖಾರದ ಕೆಮಿಕಲ್ ರಬ್ಬರನ್ನು ತಿನ್ನುತ್ತದೆ. ಮನೆಯಲ್ಲೂ ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿಸಬೇಡಿ, ಹುಟ್ಟುವ ಕ್ಲೋರಿನ್ ಗ್ಯಾಸ್ ಉಸಿರು ಕಟ್ಟಿಸುತ್ತದೆ.

ಶುಕ್ರವಾರ ರಾತ್ರಿ ಮತ್ತೆ ಗೆರೆ ಹಾಕಿ ಮಲಗಿದೆವು. ಮಲಗುವ ಮೊದಲು ಮಾವ ಹೇಳಿದರು: ಅವರ ಮೀನಿನ ಬೋಟಿನಲ್ಲಿ ಕಕ್ಕಸೇ ಇರಲಿಲ್ಲ. ಹತ್ತು ದಿನ ಸಮುದ್ರ, ಎಂಟು ಜನ. ಹಿಂಬದಿಯಲ್ಲಿ ಹಗ್ಗ ಹಿಡಿದು ಕೂರಬೇಕು. ಒಂದು ರಾತ್ರಿ ಹಾಗೆ ಕೂರಲು ಹೋದ ಜೊತೆಗಾರ ತಿರುಗಿ ಬರಲಿಲ್ಲ. ಗೊತ್ತಾದದ್ದು ಬಲೆ ಎಳೆಯುವ ಹೊತ್ತಿಗೆ. ಅದಾದ ವರ್ಷವೇ ಇವರು ಮೀನುಗಾರಿಕೆ ಬಿಟ್ಟದ್ದು. ಇಷ್ಟು ಹೇಳಿ ಆ ಕಡೆ ತಿರುಗಿ ಮಲಗಿದರು. ನಮಗೆ ನಿದ್ದೆ ತಡವಾಗಿ ಬಂತು.

ಬೆಳಿಗ್ಗೆ ನೀರು ಗೆರೆಯಲ್ಲೇ ಇತ್ತು. ಹಿಡಿಕೆ ಒಂದೇ ಕೈಯಲ್ಲಿ ಆಡಿತು. ಮಾಲೀಕರ ಮನೆಯವರು ಬಂದರು, ಬಳಸಿದರು, ಏನೂ ಹೇಳಲಿಲ್ಲ. ಈ ಕೆಲಸದಲ್ಲಿ ಅದೇ ಹೊಗಳಿಕೆಯಂತೆ.

ಅದೇ ಬೋಟಿನಿಂದ ಹಿಂದೆ ಬಿಚ್ಚಿಟ್ಟ ಹಳೆಯ ಪಂಪು, ಕಮೋಡ್ ಎರಡನ್ನೂ ಮಾವ ತೊಳೆದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಾರೆ. ಊರಲ್ಲಿ ಅವರ ತಮ್ಮನ ಬೋಟಿಗೆ ಹಾಕಬೇಕಂತೆ. ತಮ್ಮ ಇನ್ನೂ ಒಪ್ಪಿಲ್ಲ, ಅಷ್ಟು ಜಾಗದಲ್ಲಿ ನಾಲ್ಕು ಬಾಕ್ಸ್ ಮೀನು ಇಡಬಹುದು ಅನ್ನುತ್ತಾನಂತೆ. ಚೀಲ ಈಗ ನಮ್ಮ ಮನೆಯ ಜಗಲಿಯಲ್ಲಿದೆ. ಬಸ್ಸಿನಲ್ಲಿ ಹೊತ್ತು ತಂದವರು ನಾವೇ.