ಇನ್‌ಕ್ರಿಮೆಂಟ್ ಕಾಲದ ಗೀತೆ

ಇನ್‌ಕ್ರಿಮೆಂಟ್ ಪತ್ರ ಬರುವ ಹೊತ್ತಿಗೆ ಬೆಂಗಳೂರಿನ ಆಫೀಸುಗಳಿಗೆ ಭಗವದ್ಗೀತೆ ನೆನಪಾಗುತ್ತದೆ. ನಾನಿದ್ದ ಒಂದು ಕಂಪನಿಯಲ್ಲಿ, ಬಫೆ ಊಟ ಮುಗಿಸಿ ತೂಕಡಿಸುತ್ತಿದ್ದ ನಮ್ಮೆದುರು ತರಬೇತುದಾರರೊಬ್ಬರು ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು ಪರದೆಗೆ ಹಾಕಿದರು. ಫಲದ ಚಿಂತೆ ಬಿಡಿ, ಕೆಲಸ ಮಾಡಿ ಎಂದರು. ಮುಂದಿನ ಸಾಲಿನಲ್ಲಿದ್ದ ಬಾಸ್ ಜೋರಾಗಿ ತಲೆದೂಗಿದರು. ಅವರ ಬೋನಸ್ಸು ಕಂಪನಿಯ ಲಾಭದ ಜೊತೆ ಏರುತ್ತದೆಂಬುದು ಕ್ಯಾಂಟೀನಿನವರಿಗೂ ಗೊತ್ತಿತ್ತು.

ಶ್ಲೋಕದ ಮೇಲೆ ನನ್ನ ತಕರಾರಿಲ್ಲ. ಆದರೆ ಕೃಷ್ಣ ಅದನ್ನು ಹೇಳಿದ್ದು ಏಳು ಅಕ್ಷೌಹಿಣಿ ಸೈನ್ಯ ಯಾರ ತೋಳನ್ನು ನಂಬಿತ್ತೋ ಆ ಅರ್ಜುನನಿಗೆ. ಕುದುರೆಗೆ ಹುಲ್ಲು ಹಾಕುವವನಿಗಲ್ಲ. ದೊಡ್ಡವರು ನಡೆದಂತೆ ಉಳಿದವರೂ ನಡೆಯುತ್ತಾರೆ ಎನ್ನುವ ಮೂರನೇ ಅಧ್ಯಾಯದ ಮಾತು ಮಾತ್ರ ಪರದೆಗೆ ಬಂದದ್ದನ್ನು ನಾನು ಕಂಡಿಲ್ಲ.

ಈ ವಿಷಯದಲ್ಲಿ ಕೌಟಿಲ್ಯ ಖಡಕ್ಕು. ಅವನ ಅರ್ಥಶಾಸ್ತ್ರ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿತ್ತು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ ಮೊದಲು ಶಿಸ್ತಿಗೆ ಒಳಗಾಗುವವನು ರಾಜ. ಅವನ ಹಗಲು ಎಂಟು ಪಾಲು, ಇರುಳು ಎಂಟು ಪಾಲು. ಹಗಲಿನ ಎರಡನೇ ಪಾಲು ಜನರ ಅಹವಾಲಿಗೆ. ಬಾಗಿಲಲ್ಲಿ ಯಾರನ್ನೂ ಕಾಯಿಸಬಾರದು. ಕೈಗೆ ಸಿಗದ ರಾಜನಿಂದ ಸುತ್ತಲಿನವರು ಮಾಡಬಾರದ್ದನ್ನು ಮಾಡಿಸುತ್ತಾರೆ.

ಹಾಗೆಂದು ಅವನು ಸಮಾನತೆಯ ಹರಿಕಾರನೇನಲ್ಲ. ಅಧಿಕಾರಿಗಳು ದುಡ್ಡು ಹೊಡೆಯುವ 40 ದಾರಿಗಳನ್ನು ಪಟ್ಟಿ ಮಾಡಿದ ಗುಮಾನಿ ಮನುಷ್ಯ. ಸಂಬಳದಲ್ಲೂ ಅಷ್ಟೆ: ಸೇನಾಪತಿಗೆ 48,000 ಪಣ, ದನಕರು ನೋಡುವ ಆಳಿಗೆ 60. ಎಂಟುನೂರು ಪಟ್ಟು! ಆದರೆ ಅದೇ ಅಧ್ಯಾಯದಲ್ಲಿ, ಕೆಲಸದ ಮೇಲಿದ್ದಾಗ ಸತ್ತವನ ಹೆಂಡತಿ ಮಕ್ಕಳಿಗೆ ಅವನ ಸಂಬಳ ಸಲ್ಲಬೇಕು ಎಂದಿದ್ದಾನೆ. ಮನೆಯಲ್ಲಿ ಸಾವು, ಕಾಯಿಲೆ, ಬಾಣಂತನವಾದರೆ ರಾಜನೇ ಕೈಹಿಡಿಯಬೇಕು.

ಅದೇ ಕಂಪನಿಯ ಗೇಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿಯವರೊಬ್ಬರು ಡ್ಯೂಟಿಯಲ್ಲೇ ತೀರಿಹೋದರು. ವಾರದ ಮೇಲೆ ಅವರ ಹೆಂಡತಿ ಬಂದರು. ‘ಅವರು ನಮ್ಮ ಪೇರೋಲ್‌ನಲ್ಲಿಲ್ಲಮ್ಮ, ಏಜೆನ್ಸಿಯವರನ್ನ ಕೇಳಿ’ ಎಂದರು ಎಚ್‌ಆರ್‌ನವರು. ನಾವು ನಾವೇ ಅಷ್ಟಿಷ್ಟು ಹಾಕಿ ಒಂದು ಮೊತ್ತ ಹೊಂದಿಸಿದೆವು. ಬಾಸ್ ಕೂಡ ಐನೂರು ಹಾಕಿದರು.