ಬಿಡಬೇಕಾದ ಮಾತ್ರೆ, ಬಿಡಬಾರದ ಮಾತ್ರೆ

ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ರೇಷ್ಮೆ ಸಾಕುವ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆ ಕೊನೆಯ ವಾರದಲ್ಲೇ ಮುಗಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಅಂಥದೊಂದು ರಾತ್ರಿ, ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ, ಹತ್ತು ಗಂಟೆಗೆ ಸೊಪ್ಪು ಹಾಕಬೇಕಾಗಿದ್ದವಳು ನಾನು. ಯಜಮಾನರು ಟೊಮೆಟೊ ಲೋಡಿನ ಜೊತೆ ಚಿಂತಾಮಣಿ ಮಾರುಕಟ್ಟೆಗೆ ಹೋಗಿದ್ದರು. ನನಗೆ ಎಚ್ಚರವಾದಾಗ ಬೆಳಗಿನ ಏಳು ಗಂಟೆ. 150 ಮೊಟ್ಟೆಯ ಹುಳು ಬರೀ ಕಡ್ಡಿಗಳ ಮೇಲೆ ತಲೆಯೆತ್ತಿಕೊಂಡು ಹರಿದಾಡುತ್ತಿದ್ದವು.

ಸೋಮಾರಿತನದಿಂದ ಮಲಗಿದ್ದಲ್ಲ. ಮಾತ್ರೆ ನುಂಗಿ ಮಲಗಿದ್ದೆ, ಅದೂ ಎಂದೋ ಬಿಡಬೇಕಾಗಿದ್ದ ಮಾತ್ರೆ.

ಇದೆಲ್ಲ ಶುರುವಾದದ್ದು 2022ರ ಆಷಾಢದಲ್ಲಿ. ಆ ಸಲ ಗೂಡಿಗೆ ಒಳ್ಳೆಯ ಬೆಲೆ ಬಂದಿತ್ತು, ಮನೆಯಲ್ಲಿ ಜಗಳವಿರಲಿಲ್ಲ, ಮಕ್ಕಳು ಚೆನ್ನಾಗಿ ಓದುತ್ತಿದ್ದರು. ಆದರೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಅನ್ನ ಮಣ್ಣಿನಂತಾಯಿತು. ಸೊಪ್ಪು ಕುಯ್ಯಲು ಹೋದರೆ ಕುಡುಗೋಲು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದೆ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ನಿನಗೇನಮ್ಮ ಕಮ್ಮಿ ಆಗಿರೋದು?" ನನಗೂ ಅದೇ ಪ್ರಶ್ನೆ. ಏನೂ ಕಮ್ಮಿಯಿಲ್ಲದೆ ಅಳುವುದು ಪಾಪವೇನೋ ಅನ್ನಿಸಿ, ಅಳುವುದಕ್ಕೂ ನಾಚಿಕೆಯಾಗುತ್ತಿತ್ತು.

ನಮ್ಮ ಕಡೆ ಇಂಥ ಕಾಯಿಲೆಗೆ ಹೆಸರಿಲ್ಲ. ತಲೆಭಾರ, ಕೈಕಾಲು ಸೆಳೆತ ಅನ್ನುತ್ತೇವೆ. ನಾನೂ ಹಾಗೇ ಅಂದೆ. ಗ್ಲೂಕೋಸ್ ಹಾಕಿಸಿದರು, ಗ್ಯಾಸ್ಟ್ರಿಕ್ ಮಾತ್ರೆ ಕೊಡಿಸಿದರು. ಗೌರಿಬಿದನೂರು ಕಡೆಯ ತವರಿನವರು ವಿದುರಾಶ್ವತ್ಥಕ್ಕೆ ಕರೆದೊಯ್ದು ನಾಗರಕಲ್ಲುಗಳಿಗೆ ಹಾಲೆರೆಸಿದರು. ಅತ್ತೆ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ದರು. ಅಲ್ಲಿಗೆ ಜಾತಿ ಮತ ನೋಡದೆ ಎಲ್ಲರೂ ಬರುತ್ತಾರೆ, ಮನಸ್ಸು ಕೆಟ್ಟವರನ್ನೂ ಕರೆತರುತ್ತಾರೆ. ನನ್ನ ಹಾಗೆ ಗೋಡೆ ನೋಡುತ್ತ ಕೂತ ಹೆಂಗಸರನ್ನು ಅಲ್ಲಿ ಕಂಡೆ. ನಾನೊಬ್ಬಳೇ ಅಲ್ಲ ಅನ್ನುವ ಸಮಾಧಾನ ಸಿಕ್ಕಿದ್ದು ಅಲ್ಲೇ. ಅದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ನಿದ್ದೆ ಮಾತ್ರ ಬರಲಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದವರು ನಮ್ಮೂರ ಆಶಾ ಕಾರ್ಯಕರ್ತೆ. ಸರ್ಕಾರದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕಿಗೇ ಬರುತ್ತಾರೆ ಎಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಮನಸ್ಸಿನ ಆಸ್ಪತ್ರೆಯೆಂದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿಗೆ ಹೋದವರಿಗೆ ಊರಲ್ಲಿ ಬೇರೆ ಹೆಸರು ಬೀಳುತ್ತದೆ, ಅಷ್ಟೇ ನಮ್ಮ ತಿಳಿವಳಿಕೆ. ಆದರೆ ಚಿಕಿತ್ಸೆ ಜನರ ಹತ್ತಿರಕ್ಕೇ ಹೋಗಬೇಕೆಂದು ಹೊರಟವರಲ್ಲಿ ನಿಮ್ಹಾನ್ಸ್‌ನವರೂ ಇದ್ದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅವರು ಅದನ್ನು ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಸರಿಯಿಲ್ಲದಿದ್ದರೆ, ರಕ್ತ ಕಡಿಮೆಯಿದ್ದರೆ ಹೀಗೇ ಸುಸ್ತಾಗಬಹುದಂತೆ. ಆಮೇಲೆ ನೇರವಾಗಿ ಕೇಳಿದರು: "ಬದುಕೋದೇ ಬೇಡ ಅನ್ನಿಸಿದ್ದುಂಟಾ?" ಹೌದು ಅಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಆವತ್ತೇ ಮೊದಲು. ಪಕ್ಕದಲ್ಲಿ ಕೂತಿದ್ದ ಯಜಮಾನರು ನನ್ನ ಕೈ ಹಿಡಿದುಕೊಂಡರು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ. ನನಗಂತೂ ಕೇಳಿದ ಮೇಲೆಯೇ ಎದೆ ಹಗುರವಾಯಿತು.

ಎರಡು ಮಾತ್ರೆ ಬರೆದರು. ಒಂದು ಎಸಿಟಾಲೊಪ್ರಾಮ್, ಖಿನ್ನತೆಗೆ. ಇನ್ನೊಂದು ಕ್ಲೋನಜೆಪಾಮ್, ರಾತ್ರಿ ನಿದ್ದೆಗೆ, 15 ದಿನಕ್ಕೆ ಮಾತ್ರ. ಮೊದಲನೆಯದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ವಾಕರಿಕೆ, ತಲೆನೋವು ಬರಬಹುದು, ಹೆದರಬೇಡಿ ಅಂದರು. ಹಾಗೇ ಆಯಿತು. ಮೂರನೇ ವಾರ ಒಂದು ಬೆಳಿಗ್ಗೆ ಸಾರಿನ ಒಗ್ಗರಣೆ ಘಮ ಅನ್ನಿಸಿತು. ನಾಲ್ಕು ತಿಂಗಳಿಂದ ನನಗೆ ಯಾವ ವಾಸನೆಯೂ ಬೇಕೆನಿಸಿರಲಿಲ್ಲ. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಆ ಅಳು ಬೇರೆ.

ತಪ್ಪು ಮಾಡಿದ್ದು ಚೆನ್ನಾಗಿ ಆದ ಮೇಲೆ. 2023ರ ಯುಗಾದಿಗೆ ಬಂದ ನೆಂಟರೊಬ್ಬರು "ಇಂಥ ಮಾತ್ರೆ ಚಟ ಹತ್ತಿಸುತ್ತೆ, ಹುಷಾರಾದ್ಯಲ್ಲ, ಬಿಟ್ಟುಬಿಡು" ಅಂದರು. ಡಾಕ್ಟರನ್ನು ಕೇಳದೆ ಎಸಿಟಾಲೊಪ್ರಾಮ್ ಒಂದೇ ದಿನಕ್ಕೆ ನಿಲ್ಲಿಸಿದೆ. ಮೂರು ದಿನಕ್ಕೆ ತಲೆ ತಿರುಗತೊಡಗಿತು. ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ. ಮಕ್ಕಳ ಮೇಲೆ ಸಿಡುಕು, ರಾತ್ರಿಯೆಲ್ಲ ಎಚ್ಚರ. ನೆಂಟರು ಹೇಳಿದ್ದೇ ನಿಜ, ಚಟ ಹತ್ತಿದೆ ಅಂದುಕೊಂಡೆ. ನಿದ್ದೆಗಾಗಿ ಹಳೇ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದೆ. 15 ದಿನಕ್ಕೆಂದು ಬರೆದಿದ್ದ ಕ್ಲೋನಜೆಪಾಮ್ ಅಲ್ಲಿ ಮತ್ತೆ ಮತ್ತೆ ಸಿಕ್ಕಿತು. ಅರ್ಧ ಮಾತ್ರೆ ಒಂದಾಯಿತು, ಒಂದು ಎರಡಾಯಿತು. ಇಟ್ಟುಕೊಳ್ಳಬೇಕಾದ್ದನ್ನು ಬಿಟ್ಟೆ, ಬಿಡಬೇಕಾದ್ದನ್ನು ಹಿಡಿದುಕೊಂಡೆ.

ಏಪ್ರಿಲ್‌ನ ಆ ರಾತ್ರಿ ಮಲಗಿಬಿಟ್ಟದ್ದು ಹೀಗೆ. ಆ ವಾರ ಇನ್ನೆರಡು ರಾತ್ರಿ ಹುಳುವಿಗೆ ಸೊಪ್ಪು ತಪ್ಪಿತು. ಗೂಡು ತೆಳ್ಳಗಾಯಿತು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಮ್ಮ ಲಾಟಿಗೆ ಅರ್ಧ ಬೆಲೆಯೂ ಬರಲಿಲ್ಲ. ಯಜಮಾನರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು. ನಾನು ಈ ಮನೆಗೆ ಭಾರ ಅನ್ನುವ ಹಳೇ ಯೋಚನೆ ಮತ್ತೆ ಬಂತು. ಆವತ್ತು ಸಂಜೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು, ಆಶಾ ಕಾರ್ಯಕರ್ತೆ ಬರೆದುಕೊಟ್ಟಿದ್ದ 14416ಕ್ಕೆ ಫೋನು ಮಾಡಿದೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು, ಅವಸರ ಮಾಡಲಿಲ್ಲ. ನಿದ್ದೆ ಮಾತ್ರೆಯನ್ನು ಸಿಟ್ಟಿನಲ್ಲಿ ಒಂದೇ ಸಲಕ್ಕೆ ನಿಲ್ಲಿಸಬೇಡಿ, ಅದೂ ಅಪಾಯ, ಈ ಮಂಗಳವಾರವೇ ಡಾಕ್ಟರನ್ನು ನೋಡಿ, ಅಲ್ಲಿಯವರೆಗೆ ಒಬ್ಬರೇ ಇರಬೇಡಿ ಅಂದಳು. ಮನೆಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ.

ಡಾಕ್ಟರು ಗದರಲಿಲ್ಲ. ತಲೆಯೊಳಗೆ ಕರೆಂಟು ಹೊಡೆದ ಹಾಗಾದದ್ದು ಚಟವಲ್ಲ, ಮೈ ಒಗ್ಗಿಕೊಂಡಿದ್ದ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದ್ದರ ಪರಿಣಾಮ ಎಂದು ತಿಳಿಸಿ ಹೇಳಿದರು. ಅಭ್ಯಾಸವಾಗಿ ಕೂರುವುದು ನಿದ್ದೆ ಮಾತ್ರೆಯೇ. ಅದನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ ಬಿಡಿಸಿದರು. ಇನ್ನೊಂದನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಹುಷಾರಾದ ಮೇಲೂ ಆರೇಳು ತಿಂಗಳಾದರೂ ಮುಂದುವರಿಸಲೇಬೇಕು, ಕಾಯಿಲೆ ಮರುಕಳಿಸಿದವರು ಇನ್ನೂ ಹೆಚ್ಚು ದಿನ ನುಂಗಬೇಕಾಗಬಹುದು ಅಂದರು. ಆ ಬೇಸಿಗೆ ದಾಟುವುದು ಕಷ್ಟವಾಯಿತು. ನಿದ್ದೆಯಿಲ್ಲದ ರಾತ್ರಿಗಳಲ್ಲಿ ಅತ್ತೆ ನನ್ನ ಜೊತೆ ಎದ್ದು ಕೂರುತ್ತಿದ್ದರು. ದರ್ಗಾಕ್ಕೆ ಕರೆದೊಯ್ದ ಅದೇ ಅತ್ತೆ ಈಗ ಮಂಗಳವಾರ ಬಂದರೆ ನನಗಿಂತ ಮೊದಲು ಸೀರೆ ಉಟ್ಟು ನಿಲ್ಲುತ್ತಾರೆ.

ನನ್ನಂಥವರು ನಿಮ್ಮ ಮನೆಯಲ್ಲಿದ್ದರೆ "ನಿನಗೇನು ಕಮ್ಮಿ" ಎಂದು ಕೇಳಬೇಡಿ. ನಿದ್ದೆ ಬಂತಾ, ಊಟ ಸೇರಿತಾ, ಮಾತ್ರೆ ತಗೊಂಡ್ಯಾ ಎಂದು ಕೇಳಿ. ಮಾತ್ರೆ ನುಂಗುತ್ತಿರುವವರು, ಎಷ್ಟೇ ಚೆನ್ನಾಗಿದ್ದೇವೆ ಅನ್ನಿಸಿದರೂ, ಅದನ್ನು ಬರೆದುಕೊಟ್ಟವರನ್ನು ಕೇಳದೆ ನಿಲ್ಲಿಸಬೇಡಿ. ಹಳೇ ಚೀಟಿಯಲ್ಲಿ ಮತ್ತೆ ಕೊಳ್ಳಬೇಡಿ. ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನು ಮಾಡಿ, ಹಗಲಾಗಲಿ ರಾತ್ರಿಯಾಗಲಿ ಎತ್ತುತ್ತಾರೆ, ದುಡ್ಡು ಬೇಡ.

ನಾನು ಈಗಲೂ ದಿನಕ್ಕೊಂದು ಮಾತ್ರೆ ನುಂಗುತ್ತೇನೆ. ರಾತ್ರಿ ಹತ್ತು ಗಂಟೆಯ ಸೊಪ್ಪು ಹಾಕುವವಳು ಈಗಲೂ ನಾನೇ.